ನಿಮ್ಮ ಆಫ್‌ಬೀಟು, ನಮ್ಮನೆ ನೀರು

ಜೂನ್ ಬಂತು ಅಂದ್ರೆ ಸಾಕು, ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಕಾಡಿನ ಹುಚ್ಚು ಹಿಡಿಯುತ್ತೆ. ಗೋವಾ ಬೇಡವಂತೆ, ಮಡಿಕೇರಿ ಹಳತಾಯ್ತಂತೆ. “ಮಗಾ, ಯಾರೂ ನೋಡಿರದ ಜಾಗ ಹೇಳೋ. ಟ್ರೆಕ್ಕಿಂಗ್ ಇರ್ಬೇಕು, ಫಾಲ್ಸ್ ಇರ್ಬೇಕು, ಜನ ಇರಬಾರ್ದು.” ಆಮೇಲೆ ಎಲ್ಲರೂ ನನ್ನ ಕಡೆ ತಿರುಗ್ತಾರೆ. ಮಲೆನಾಡಿನ ಹಳ್ಳಿಯವನು ನೋಡಿ, ಗುಟ್ಟಿನ ಜಾಗಗಳ ಪಟ್ಟಿ ನನ್ನ ಹತ್ರ ಇರಲೇಬೇಕು ಅನ್ನೋದು ಅವರ ಲೆಕ್ಕ.

ಈ ವರ್ಷ ನಾನು ಹೇಳಲಿಲ್ಲ. ಕಾರಣ ಇದೆ.

ಹಿಂದೊಮ್ಮೆ ಹೇಳಿದ್ದೆ. ನಮ್ಮನೆ ಹಿಂದಿನ ಗುಡ್ಡದಲ್ಲಿ ಒಂದು ಜಲಪಾತ ಇದೆ. ಅದಕ್ಕೆ ಹೆಸರಿಲ್ಲ, ನಾವು ಬರೀ ‘ಅಬ್ಬಿ’ ಅಂತೀವಿ. ಊರಿಗೆ ಹೋದಾಗ ಫೋಟೋ ತೆಗೆದು, ಮ್ಯಾಪ್‌ನಲ್ಲಿ ಪಿನ್ ಹಾಕಿ, ಒಂದು ಚೆಂದದ ಹೆಸರನ್ನೂ ಇಟ್ಟು ಹಂಚಿಕೊಂಡೆ. ಲೈಕುಗಳು ಬಂದವು, ಹೆಮ್ಮೆಯೂ ಆಯ್ತು.

ಎರಡು ಮಳೆಗಾಲ ಕಳೆಯೋದ್ರೊಳಗೆ ಅಮ್ಮನ ಫೋನು. “ಅಪ್ಪೀ, ನಿನ್ನೆಯಿಂದ ನೀರು ಬರ್ತಿರ್ಲಿಲ್ಲ. ಯಾರೋ ಪೇಟೆ ಹುಡುಗ್ರು ಅಬ್ಬಿ ಕಟ್ಟ ಕಿತ್ತು ಹಾಕಿದ್ರು.”

ಗೊತ್ತಿಲ್ಲದವರಿಗೆ ಹೇಳ್ತೀನಿ. ಮಲೆನಾಡಿನ ಎಷ್ಟೋ ಒಂಟಿಮನೆಗಳಿಗೆ ನೀರು ಬರೋದು ಪಂಚಾಯ್ತಿ ನಲ್ಲಿಯಿಂದ ಅಲ್ಲ. ಮೇಲಿನ ಹಳ್ಳಕ್ಕೆ ಕಲ್ಲು ಜೋಡಿಸಿ ಸಣ್ಣ ಕಟ್ಟ ಹಾಕಿರ್ತೀವಿ, ಅಲ್ಲಿಂದ ಮನೆತನಕ ಪೈಪು. ಹಿಂದೆ ಅಡಿಕೆ ದಂಬೆ ಇತ್ತು, ಈಗ ಕಪ್ಪು ಪೈಪು, ಅಷ್ಟೇ ವ್ಯತ್ಯಾಸ. ಮೋಟಾರು ಬೇಡ, ಕರೆಂಟು ಬೇಡ, ಇಳಿಜಾರು ಸಾಕು. ಬಂದವರು ಆ ಕಲ್ಲುಗಳನ್ನೆಲ್ಲ ಎತ್ತಿ ಪಕ್ಕಕ್ಕೆ ಹಾಕಿ ಈಜಾಡಿದ್ದಾರೆ. ಕಾಲಿಗೆ ತೊಡರುತ್ತೆ ಅಂತ ಪೈಪು ಎಳೆದು ಬಿಸಾಕಿದ್ದಾರೆ. ಅರವತ್ತು ದಾಟಿದ ಅಮ್ಮ ಜಡಿಮಳೆಯಲ್ಲಿ, ಜಾರುವ ಬಂಡೆ ಹತ್ತಿ, ಉಂಬಳ ಕಚ್ಚಿಸಿಕೊಂಡು ಕಟ್ಟ ಸರಿಮಾಡಿ ಬಂದಿದ್ದಳು. “ಅವ್ರಿಗೆ ಈ ದಾರಿ ತೋರಿಸಿದ್ದು ಯಾರೋ ಏನೋ” ಅಂದಳು. ನಾನು ಬಾಯಿ ಬಿಡಲಿಲ್ಲ.

ಅವತ್ತೇ ಪಿನ್ ಅಳಿಸಿದೆ. ಅಷ್ಟರಲ್ಲಿ ಬೇರೆಯವರು ಹಾಕಿದ ನಾಲ್ಕು ಪಿನ್ ಇದ್ವು. ಅವು ಇನ್ನೂ ಇವೆ.

‘ಆಫ್‌ಬೀಟ್’ ಅನ್ನೋ ಮಾತಲ್ಲೇ ಮೋಸ ಇದೆ ಸ್ವಾಮಿ. ನೀವು ಯಾರೂ ತುಳಿಯದ ದಾರಿ ಅಂತಿರೋದು ಸೊಪ್ಪಿಗೆ, ದನಕ್ಕೆ, ಶಾಲೆಗೆ ಅಂತ ನಾವು ದಿನಾ ತುಳಿಯೋ ದಾರಿ. ಮ್ಯಾಪ್‌ನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಆ ಜಾಗಕ್ಕೆ ವಾರಸುದಾರರಿಲ್ಲ ಅಂತಲ್ಲ.

ಯಾರೂ ಇಲ್ಲದ ಜಾಗವನ್ನ ಎಲ್ಲರಿಗೂ ಹೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಕುಮಾರ ಪರ್ವತ ನೋಡಿ. 2024ರ ಜನವರಿ ಕೊನೆಯ ರಜೆಯಲ್ಲಿ ಅಲ್ಲಿ ಜಾತ್ರೆಯ ಹಾಗೆ ಜನ ಸೇರಿದ್ದ ವಿಡಿಯೋ ಎಲ್ಲ ಕಡೆ ಹರಿದಾಡ್ತು. ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಬೇಕಾಯ್ತು. ಕುದುರೆಮುಖದಲ್ಲಿ ದಿನಕ್ಕೆ 300 ಜನ ಅಂತ ಮಿತಿ ಇದೆ. ಟಿಕೆಟ್ ಸಿಗಲಿಲ್ಲ ಅಂತ ಗೊಣಗೋ ನನ್ನ ಗೆಳೆಯರೇ, ನಮ್ಮ ಸರ್ವರ್‌ಗೆ ಲೋಡ್ ಜಾಸ್ತಿ ಆದ್ರೆ ನಾವೇ ತಾನೇ ಮಿತಿ ಹಾಕೋದು? ಗುಡ್ಡಕ್ಕೆ ಹಾಕಿದ್ರೆ ಯಾಕೆ ಸಿಟ್ಟು? ಗುಡ್ಡ ಕೆಟ್ಟರೆ ರೀಸ್ಟಾರ್ಟ್ ಮಾಡೋಕೂ ಆಗಲ್ಲ.

“ನಾವು ಬರೋದ್ರಿಂದ ನಿಮ್ಮೂರಿಗೆ ದುಡ್ಡು ಬರುತ್ತಲ್ಲ” ಅಂತೀರಿ. ಬರುತ್ತೆ, ಸುಳ್ಳಲ್ಲ. ಅಡಿಕೆಗೆ ಕೊಳೆರೋಗ ಬಂದ ವರ್ಷ ಹೋಂಸ್ಟೇಯಿಂದಲೇ ಮಕ್ಕಳ ಫೀಸು ಕಟ್ಟಿದವರನ್ನ ನಾನು ಬಲ್ಲೆ. ಆದರೆ ಅದು ಊರಲ್ಲಿ ಉಳಿದು, ಊಟ ಮಾಡಿ, ದಾರಿ ತೋರಿಸೋ ಹುಡುಗನಿಗೆ ಸಂಬಳ ಕೊಟ್ಟು ಹೋಗೋರ ದುಡ್ಡು. ರಾತ್ರಿ ಬೆಂಗಳೂರಲ್ಲಿ ಟಿಟಿ ಹತ್ತಿ, ಬೆಳಗ್ಗೆ ಇಳಿದು, ಸಂಜೆ ವಾಪಸ್ ಹೋಗೋರು ನಮ್ಮೂರಲ್ಲಿ ಬಿಟ್ಟುಹೋಗೋದು ಚಿಪ್ಸ್ ಪ್ಯಾಕೆಟ್ಟು, ಬಿಯರ್ ಬಾಟ್ಲಿ.

ಇನ್ನೊಂದು ಮಾತು, ಇದು ನಿಮ್ಮ ಒಳ್ಳೇದಕ್ಕೇ. ಗುಟ್ಟಿನ ಕಾಡಲ್ಲಿ ಎಚ್ಚರಿಕೆ ಹೇಳೋ ಬೋರ್ಡ್ ಇರಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಮಲೆನಾಡಲ್ಲಿ ಜೀವ ತೆಗೆಯುತ್ತೆ. ಉಣುಗು ಕಚ್ಚಿ ಬರೋ ಜ್ವರ ಅದು, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಆಗ ಯಾವ ಕಾಡಿಗೆ ಹೋಗಬಾರದು ಅನ್ನೋದು ಊರವರಿಗೆ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತೆ. ರೀಲ್ಸ್ ಮಾಡೋನಿಗೆ ಗೊತ್ತಿರಲ್ಲ.

ಬರಬೇಡಿ ಅಂತ ನಾನು ಹೇಳ್ತಿಲ್ಲ. ಬನ್ನಿ, ಆದ್ರೆ ನೆಂಟರ ಥರ ಬನ್ನಿ. ಮೊದಲೇ ಹೇಳಿ ಬನ್ನಿ, ಎರಡು ದಿನ ಇರಿ, ಊರವರನ್ನ ಜೊತೆಗೆ ಕರ್ಕೊಂಡು ಹೋಗಿ. ಹಳ್ಳದಲ್ಲಿ ಜೋಡಿಸಿಟ್ಟ ಕಲ್ಲು ಕಂಡ್ರೆ, ಅದು ಯಾರದೋ ಮನೆ ನಲ್ಲಿ ಅಂತ ತಿಳ್ಕೊಳ್ಳಿ. ಫೋಟೋ ಎಷ್ಟು ಬೇಕಾದ್ರೂ ತೆಗೀರಿ, ಪಿನ್ ಮಾತ್ರ ಹಾಕಬೇಡಿ.

ನಮ್ಮ ಆಫೀಸಿನ ಗುಂಪಲ್ಲಿ ಇಷ್ಟನ್ನೂ ಬರೆದು ಹಾಕಿದೆ. ಒಬ್ಬ ಹೆಬ್ಬೆರಳು ಒತ್ತಿದ. ಇನ್ನೊಬ್ಬ ಕೇಳಿದ, “ಸರಿ ಮಗಾ, ನಿಮ್ಮೂರು ಯಾವ್ದು ಅಂದೆ?”