ಹುರಿದ ಮಾತ್ರಕ್ಕೆ ಅಡಿಕೆ ಬೇರೆಯಾದೀತೆ?



ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿಯ ದರ ಕುಸಿದಾಗಲೆಲ್ಲ ಕಳ್ಳಸಾಗಣೆಯ ಮಾತು ಬರುತ್ತದೆ. ಕಳ್ಳನನ್ನು ಹಿಡಿಯಲು ಅಧಿಕಾರಿಗಳಿದ್ದಾರೆ. ಕಾನೂನಿನ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಸುಂಕ ಉಳಿಸುವ ಕಂಪನಿಗಳ ವಿಚಾರವನ್ನು ಮಾತ್ರ ನಾವು ಇಲ್ಲಿ ಪ್ರಸ್ತಾಪಿಸುತ್ತೇವೆ.

ಹೊರದೇಶದ ಅಡಿಕೆಗೆ ಶೇ. 100ರ ಆಮದು ಸುಂಕವಿದೆ. ಅದು ಸಾಲದೆಂದು ಕೇಂದ್ರ ಸರ್ಕಾರ 2017ರಲ್ಲಿ ಕಿಲೋಗೆ 251 ರೂ., 2023ರ ಫೆಬ್ರವರಿಯಲ್ಲಿ 351 ರೂ. ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಿತು. ಆದರೆ ಸುಂಕದ ಪಟ್ಟಿಯಲ್ಲಿ ಅಡಿಕೆಯಿರುವುದು ಎಂಟನೆಯ ಅಧ್ಯಾಯದಲ್ಲಿ. ಅದನ್ನೇ ಹುರಿದು ತಂದರೆ ಇಪ್ಪತ್ತನೆಯ ಅಧ್ಯಾಯದ 'ಹುರಿದ ಬೀಜ'ವಾಗುತ್ತದೆ, ಆಗ ಅಲ್ಲಿದ್ದ ಶೇ. 30ರ ಸುಂಕವೇ ತಮಗೆ ಸಲ್ಲುತ್ತದೆ ಎಂದು ಆಮದುದಾರರು ವಾದಿಸಿದರು. ಸುಂಕದ ಮುಂಗಡ ನಿರ್ಣಯ ಪ್ರಾಧಿಕಾರ ಆ ವರ್ಗೀಕರಣವನ್ನು ಒಪ್ಪಿತು. ಮದರಾಸು ಉಚ್ಚ ನ್ಯಾಯಾಲಯವೂ ಒಪ್ಪಿತು. ಕನಿಷ್ಠ ಬೆಲೆಯ ಬೇಲಿ ಆ ಸರಕಿಗೆ ಅಡ್ಡ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ 351 ರೂ.ಗಳ ಕಟ್ಟು ಬೀಳುವವರೆಗೆ ಆ ಕಂಡಿ ತೆರೆದೇ ಇತ್ತು.

ಅವರು ಕಾನೂನು ಮುರಿಯಲಿಲ್ಲ, ಒಪ್ಪೋಣ. ಆದರೆ ಆ ಸುಂಕ ಇದ್ದದ್ದು ಯಾರಿಗಾಗಿ? ಭದ್ರಾ ನಾಲೆಯ ನೀರು ನಂಬಿ ಗದ್ದೆಯನ್ನು ತೋಟ ಮಾಡಿ, ಐದಾರು ವರ್ಷ ಫಸಲಿಗೆ ಕಾದ ಭದ್ರಾವತಿಯ ಎರಡೆಕರೆ ರೈತನಿಗಾಗಿ. ಅದು ಗೊತ್ತಿದ್ದೂ ಬಾಣಲೆಗೆ ಹಾಕಿ ಹೆಸರು ಬದಲಿಸಿದವರನ್ನು ಜಾಣರೆಂದು ಹೊಗಳಲು ನಮಗೆ ಮನಸ್ಸಿಲ್ಲ. 1985ರ ಮೆಕ್‌ಡೊವೆಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೆರಿಗೆ ಉಳಿಸುವ ತೋರಿಕೆಯ ಉಪಾಯಗಳನ್ನು ಖಂಡಿಸಿತ್ತು.

"ನೀವು ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಕಟ್ಟುತ್ತೀರಾ?" ಎಂದು ಪೇಟೆಯ ಸ್ನೇಹಿತರು ಕೇಳುವುದುಂಟು. ಕಟ್ಟುವುದಿಲ್ಲ. ಸದಸ್ಯರ ಬೆಳೆ ಮಾರಿದ ಲಾಭಕ್ಕೆ ಸಹಕಾರ ಸಂಘಗಳಿಗೂ ವಿನಾಯಿತಿಯಿದೆ. ಅವು ಶಾಸನಸಭೆ ತಿಳಿದೇ ಕೊಟ್ಟವು, ಸಂದಿಯಲ್ಲಿ ತೂರಿ ಪಡೆದವಲ್ಲ. ಆದರೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಬಿಲ್ಲಿಲ್ಲದೆ ಮನೆಬಾಗಿಲಲ್ಲಿ ಚೀಲ ತೂಗಿಸುವವರು ನಮ್ಮಲ್ಲಿಯೂ ಇದ್ದಾರೆ. ಅದು ಸಂದಿಯೂ ಅಲ್ಲ, ನೇರ ತೆರಿಗೆಗಳ್ಳತನಕ್ಕೆ ಕೊಟ್ಟ ಕೈ. ಹಾಗೆ ಮಾರಿದವರು ದೆಹಲಿಗೆ ಮನವಿ ಬರೆಯುವಾಗ ಅಕ್ಷರ ನಡುಗದೆ ಇರದು.

ಹುರಿದದ್ದಿರಲಿ, ಬೇಯಿಸಿದ್ದಿರಲಿ, ಹೋಳಿರಲಿ, ಪುಡಿಯಿರಲಿ, ಯಾವ ಅಧ್ಯಾಯದ ಹೆಸರಿನಲ್ಲಿ ಬಂದರೂ ಅಡಿಕೆಗೆ ಒಂದೇ ಸುಂಕ, ಒಂದೇ ಕನಿಷ್ಠ ಬೆಲೆ ಇರಲೆಂದು ಮುಂದಿನ ಮಹಾಸಭೆಯಲ್ಲಿ ಠರಾವು ಮಾಡೋಣ. ಬಿಲ್ಲಿಲ್ಲದೆ ಮಾರುವುದಿಲ್ಲವೆಂಬ ಮಾತನ್ನೂ ಅದೇ ಠರಾವಿನಲ್ಲಿ ಸೇರಿಸಬೇಕೆಂದು ನಮ್ಮ ಒತ್ತಾಯ.