ಚೀಟಿ ಕೇಳುವವನು ಯಾರು?

ಬಾರಿಗೂ ಬ್ರಾಂದಿ ಅಂಗಡಿಗೂ ಬರುವ ಹುಡುಗರ ವಯಸ್ಸನ್ನು ಗುರುತಿನ ಚೀಟಿ ನೋಡಿಯೇ ತಿಳಿಯಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಮಾತು ಸರಿಯೇ. ಮೀಸೆ ಚಿಗುರದ ಹುಡುಗನ ಕೈಗೆ ಬಾಟಲಿ ಕೊಡುವುದನ್ನು ನಾವು ಸಮರ್ಥಿಸುವವರಲ್ಲ. ಆದರೆ ಚೀಟಿ ಕೇಳಬೇಕಾದವನು ಯಾರು, ಕೇಳಿದರೆ ಅವನ ಗತಿಯೇನು ಎಂಬುದನ್ನು ಈ ಮಾತಾಡುವ ಮಹನೀಯರು ಯೋಚಿಸಿದಂತಿಲ್ಲ.

ಕಾನೂನೇ ಎರಡು ನಾಲಗೆಯದು. 1965ರ ನಮ್ಮ ರಾಜ್ಯದ ಅಬಕಾರಿ ಕಾಯಿದೆ 18 ತುಂಬದವರಿಗೆ ಮಾರಬಾರದೆನ್ನುತ್ತದೆ. ಅದರ ಹೊಟ್ಟೆಯಲ್ಲೇ ಹುಟ್ಟಿದ 1967ರ ಸನ್ನದು ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ಸರ್ಕಾರ ಈ ತೊಡಕು ಬಿಡಿಸಹೊರಟದ್ದು 21ನ್ನು 18ಕ್ಕೆ ಇಳಿಸಿ! ಜನ ಛೀಮಾರಿ ಹಾಕಿದ ಮೇಲೆ ಕರಡನ್ನು ಮಡಿಚಿಟ್ಟರು. ಕಾಯಿದೆಯನ್ನೇ 21ಕ್ಕೆ ಏರಿಸುವ ದಾರಿಯೂ ಇತ್ತಲ್ಲ?

ಇನ್ನು ಬಾರಿನೊಳಗಿನ ಮಾತು. ಮೇಜಿನ ಬಳಿ ನಿಲ್ಲುವವನು ಸನ್ನದುದಾರನಲ್ಲ, ಕೂಲಿಯ ಸಪ್ಲೈಯರ್. ಐದಾರು ಜನರ ಗುಂಪಿನಲ್ಲಿ ಒಬ್ಬನನ್ನು ‘ನಿನಗೆ ವಯಸ್ಸೆಷ್ಟಪ್ಪಾ?’ ಎಂದರೆ ಏಟು ತಿನ್ನುವವನು ಅವನು. ಗುಂಪು ಎದ್ದು ಪಕ್ಕದ ಬಾರಿಗೆ ಹೋದರೆ ಮಾಲೀಕನ ಬೈಗುಳ ಕೇಳುವವನೂ ಅವನೇ. ಕೇಳದೆ ಕೊಟ್ಟು, ಕುಡಿದವನು 18ರೊಳಗಿನವನೆಂದು ಹೊರಬಿದ್ದರೋ, 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಕೊಟ್ಟವನಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಲಾಭದಲ್ಲಿ ಪಾಲಿಲ್ಲದವನಿಗೆ ಜೈಲಿನಲ್ಲಿ ಪಾಲು.

ಅತ್ತ ವಿಧಾನಸೌಧದಲ್ಲಿ 2025-26ರ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟರು. ಪಾನನಿರೋಧಕ್ಕೆ ಯತ್ನಿಸಬೇಕೆನ್ನುವ ಸಂವಿಧಾನದ 47ನೆಯ ವಿಧಿ ಯಾವ ಕಪಾಟಿನಲ್ಲಿದೆಯೋ! ಬಾಟಲಿ ಹೆಚ್ಚು ಹೋಗಲಿ ಎನ್ನುವ ಸರ್ಕಾರವೇ ಗಿರಾಕಿಯನ್ನು ತಡೆ ಎಂದೂ ಹೇಳಿದರೆ ಆಳು ಯಾವ ಮಾತು ಕೇಳಬೇಕು?

ಕಾಯಿದೆಗೂ ನಿಯಮಕ್ಕೂ ಒಂದೇ ವಯಸ್ಸಿರಲಿ, ಅದು 21 ಆಗಲಿ. ಎಳೆಯರಿಗೆ ಕೊಟ್ಟದ್ದು ಸಿಕ್ಕಿಬಿದ್ದಾಗ ಮೊದಲು ಹೋಗಬೇಕಾದದ್ದು ಮಾಲೀಕನ ಸನ್ನದು, ಆಳಿನ ಅನ್ನವಲ್ಲ. ಚೀಟಿ ಕೇಳಿ ಗಿರಾಕಿಯನ್ನು ಹಿಂದಕ್ಕೆ ಕಳಿಸಿದ ನೌಕರನನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯಕೂಡದೆಂದು ಸನ್ನದಿನ ಷರತ್ತಿನಲ್ಲೇ ಬರೆಯಲಿ. ತಪಾಸಣೆಯೂ ಬಸ್ ನಿಲ್ದಾಣದ ಬಳಿಯ ಅಂಗಡಿಗಳಿಗೆ ಮುಗಿಯದೆ, ಸಿರಿವಂತರ ಮಕ್ಕಳು ಹುಟ್ಟುಹಬ್ಬ ಮಾಡುವ ಹೋಟೆಲು, ಕ್ಲಬ್ಬುಗಳ ಮೆಟ್ಟಿಲನ್ನೂ ಹತ್ತಲಿ. ನಮ್ಮ ಜಿಲ್ಲೆಯ ಶಾಸಕರಲ್ಲಿ ಯಾರಾದರೂ ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಿದರೆ, ಮಂತ್ರಿಗಳ ಉತ್ತರವನ್ನು ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.