ಒಟ್ಟಿಗೆ ಕೂರುವ ಧ್ಯಾನ

ಬೌದ್ಧರು ಎಷ್ಟು ಮಂದಿ ಎಂಬ ಪ್ರಶ್ನೆ ನಮ್ಮ ರಾಜ್ಯದಲ್ಲಿ ಮತ್ತೆ ಎದ್ದಿದೆ. ೨೦೨೫ರ ಸೆಪ್ಟೆಂಬರಿನಲ್ಲಿ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಧರ್ಮದ ಕಾಲಮಿನಲ್ಲಿ ಏನನ್ನು ಬರೆಸಬೇಕೆಂಬುದು ಚರ್ಚೆಯ ವಿಷಯವಾಯಿತು. ೨೦೨೭ರ ಜನಗಣತಿ ಆ ಚರ್ಚೆಗೆ ಇನ್ನಷ್ಟು ಕಾವು ಕೊಟ್ಟಿದೆ. ಹಿಂದಿನ ಅಂಕಿಗಳು ವಿಚಿತ್ರವಾಗಿವೆ. ೨೦೦೧ರಲ್ಲಿ ಕರ್ನಾಟಕದ ಬೌದ್ಧರು ಸುಮಾರು ೩ ಲಕ್ಷ ೯೩ ಸಾವಿರ. ೨೦೧೧ರಲ್ಲಿ ೯೫ ಸಾವಿರಕ್ಕೆ ತುಸು ಮೇಲೆ. ಹತ್ತೇ ವರ್ಷಗಳಲ್ಲಿ ಮೂರು ಲಕ್ಷ ಮಂದಿ ಬುದ್ಧನನ್ನು ಬಿಟ್ಟುಹೋದರೆಂದು ನಂಬುವುದು ಕಷ್ಟ. ಪರಿಶಿಷ್ಟ ಜಾತಿಯ ಬೌದ್ಧರಿಗೂ ಮೀಸಲಾತಿ ಸಲ್ಲುವಂತೆ ೧೯೯೦ರಲ್ಲಿಯೇ ತಿದ್ದುಪಡಿಯಾಗಿದ್ದರೂ, ಧರ್ಮ ಬರೆಸಿದರೆ ಜಾತಿಯ ಪ್ರಮಾಣಪತ್ರ ಕೈತಪ್ಪೀತೆಂಬ ಅಳುಕು ಜನರಲ್ಲಿ ಪೂರ್ತಿ ಹೋಗಿಲ್ಲ. ಕಾಲಮಿನ ಮಾತು ಹಾಗಿರಲಿ. ನಾನು ಕೇಳಬಯಸುವುದು ಇನ್ನೂ ಸಣ್ಣ ಪ್ರಶ್ನೆ: ನಂಜನಗೂಡಿನಲ್ಲಿಯೋ ತಿರುಮಕೂಡಲು ನರಸೀಪುರದಲ್ಲಿಯೋ ವಾರಕ್ಕೊಮ್ಮೆ ಹತ್ತು ಮಂದಿ ಒಟ್ಟಿಗೆ ಕುಳಿತು ಧ್ಯಾನಮಾಡುವುದಾದರೆ, ಆ ಹತ್ತು ಮಂದಿ ಯಾರು ಯಾರು?

ಈ ಸೀಮೆಗೆ ಬುದ್ಧ ಅಪರಿಚಿತನಲ್ಲ. ಅಶೋಕನ ಕಾಲದಲ್ಲಿ ಮಹಾದೇವನೆಂಬ ಸ್ಥವಿರ ಮಹಿಷಮಂಡಲಕ್ಕೆ ಬಂದನೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಅದು ನಮ್ಮ ಮೈಸೂರೇ ಎಂದು ಕೆಲವು ವಿದ್ವಾಂಸರ ಮತ, ಅಲ್ಲವೆಂದು ಮತ್ತೆ ಕೆಲವರ ವಾದ. ೧೯೬೦ರಿಂದ ಇದೇ ಜಿಲ್ಲೆಯ ಬೈಲಕುಪ್ಪೆಯಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಆದರೆ ಕಪಿಲೆಯ ದಡದ ಈ ಎರಡು ತಾಲ್ಲೂಕುಗಳಿಗೆ ಧಮ್ಮ ಬಂದದ್ದು ಮುಖ್ಯವಾಗಿ ನಾಗಪುರದ ದಾರಿಯಿಂದ. ೧೯೫೬ರ ಅಕ್ಟೋಬರ್ ೧೪ರಂದು ಅಂಬೇಡ್ಕರರು ಅಲ್ಲಿ ಸ್ವೀಕರಿಸಿದ ದೀಕ್ಷೆಯ ನೆನಪೇ ಇಲ್ಲಿನ ಕೇರಿಗಳ ಬುದ್ಧಪೂರ್ಣಿಮೆಗೆ ಜೀವ.

ಆ ಪರಂಪರೆಯಲ್ಲಿ ಧ್ಯಾನದ ಬಗೆಗೆ ಒಂದು ಶಂಕೆಯುಂಟು. ‘ಬುದ್ಧ ಮತ್ತು ಅವನ ಧಮ್ಮ’ ಎಂಬ ಗ್ರಂಥದ ಆರಂಭದಲ್ಲಿಯೇ ಅಂಬೇಡ್ಕರರು ಕೇಳುತ್ತಾರೆ: ಭಿಕ್ಷು ತಾನೊಬ್ಬನೇ ಪರಿಪೂರ್ಣನಾಗಬೇಕಾದವನೋ, ಸಮಾಜದ ಸೇವಕನೋ? ಅವರ ಒಲವು ಎತ್ತ ಎಂಬುದರಲ್ಲಿ ಸಂದೇಹವಿಲ್ಲ. ಶಂಕೆಗೆ ಊರಿನ ಕಾರಣಗಳೂ ಇವೆ. ೧೯೯೩ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ದೇವಾಲಯ ಪ್ರವೇಶದ ವಿವಾದದ ಬೆನ್ನಿಗೆ, ಮೂವರು ದಲಿತರ ಕೊಲೆಯಾಯಿತು. ೨೦೨೦ರಲ್ಲಿ ಅದೇ ತಾಲ್ಲೂಕಿನ ಹಳ್ಳಿಯೊಂದರ ಕ್ಷೌರಿಕರು, ಪರಿಶಿಷ್ಟರಿಗೆ ಕ್ಷೌರ ಮಾಡಿದ್ದಕ್ಕಾಗಿ ತಮಗೆ ದಂಡ, ಬಹಿಷ್ಕಾರ ವಿಧಿಸಿದ್ದಾರೆಂದು ದೂರಿದ ವರ್ತಮಾನ ಪತ್ರಿಕೆಗಳಲ್ಲಿ ಬಂದಿತು. ಇಂಥದನ್ನು ಕಂಡವನಿಗೆ ‘ಕಣ್ಣು ಮುಚ್ಚಿ ಉಸಿರನ್ನು ನೋಡು’ ಎಂದರೆ, ‘ಅನ್ಯಾಯವನ್ನು ನೋಡಬೇಡವೆನ್ನುತ್ತೀರಾ?’ ಎಂದು ಅವನು ಮರುನುಡಿದರೆ ತಪ್ಪೇನು?

ಇನ್ನೊಂದು ಧಾರೆ ಬರ್ಮಾದಿಂದ ಬಂದುದು. ಅಲ್ಲಿ ಹುಟ್ಟಿ ಊ ಬಾ ಖಿನ್ ಅವರಲ್ಲಿ ಕಲಿತ ಎಸ್. ಎನ್. ಗೋಯಂಕಾ ೧೯೬೯ರಲ್ಲಿ ಭಾರತಕ್ಕೆ ಬಂದು ವಿಪಶ್ಯನವನ್ನು ಬೋಧಿಸತೊಡಗಿದರು. ಹತ್ತು ದಿನಗಳ ಶಿಬಿರ, ಮೌನ, ಶುಲ್ಕವಿಲ್ಲ, ಮತ, ಜಾತಿಗಳ ಭೇದವಿಲ್ಲ. ಮೊದಲು ಮೂಗಿನ ಹೊಸ್ತಿಲಲ್ಲಿ ಉಸಿರನ್ನು ಗಮನಿಸುವ ಆನಾಪಾನ. ಅನಂತರ ಮೈಯಲ್ಲೆಲ್ಲ ಹುಟ್ಟಿ ಅಳಿಯುವ ಸಂವೇದನೆಗಳನ್ನು, ಬೇಕೆಂದು ಹಂಬಲಿಸದೆ, ಬೇಡವೆಂದು ಸಿಡುಕದೆ, ಸುಮ್ಮನೆ ನೋಡುವ ಅಭ್ಯಾಸ. ಊರಿಗೆ ಮರಳಿದವರು ವಾರಕ್ಕೊಂದು ಗಂಟೆ ಒಟ್ಟಿಗೆ ಕೂರಬೇಕೆಂಬ ಸಲಹೆಯೂ ಉಂಟು. ಇದು ಸೊಗಸಾದ ವ್ಯವಸ್ಥೆ. ಆದರೂ ಜಾತಿಯನ್ನು ಕೇಳದಿರುವುದು ಬೇರೆ, ಜಾತಿ ಅಳಿಯುವುದು ಬೇರೆ. ಹತ್ತು ದಿನ ಅಕ್ಕಪಕ್ಕದಲ್ಲಿ ಕುಳಿತವರು ಹನ್ನೊಂದನೆಯ ದಿನ ಬಸ್ಸಿಳಿದು ತಮ್ಮ ತಮ್ಮ ಕೇರಿಗಳಿಗೆ ನಡೆಯುತ್ತಾರೆ.

ಹೀಗೆ ಒಂದು ಕಡೆ ನ್ಯಾಯದ ಹಸಿವು, ಮತ್ತೊಂದು ಕಡೆ ಧ್ಯಾನದ ಶಿಸ್ತು. ಇವೆರಡೂ ಒಂದನ್ನೊಂದು ಬಯಸುತ್ತವೆಂದು ನನ್ನ ಎಣಿಕೆ. ಅಸ್ಪೃಶ್ಯತೆಯನ್ನು ನಾವು ಕೇವಲ ನಂಬಿಕೆಯೆಂದು ತಿಳಿದಿದ್ದೇವೆ. ಅದು ಮೈಯ ಅಭ್ಯಾಸವೂ ಹೌದು. ಎದುರಿನವನ ಲೋಟ ತಾಗಿದಾಗ, ಅವನ ತೋಳು ಸೋಕಿದಾಗ, ವಿಚಾರವಂತನೆನಿಸಿದವನ ಮೈಯೂ ಒಮ್ಮೊಮ್ಮೆ ಅವನಿಗೇ ತಿಳಿಯದಂತೆ ಹಿಂಜರಿಯುತ್ತದೆ. ೧೯೫೫ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಕೃತ್ಯವನ್ನು ಶಿಕ್ಷಿಸಬಲ್ಲದು. ಆ ಹಿಂಜರಿಕೆಯನ್ನು ಹಿಡಿಯಲಾರದು. ಅದನ್ನು ಹುಟ್ಟುವಲ್ಲಿಯೇ ಕಾಣುವ ಉಪಾಯ ವಿಪಶ್ಯನದಲ್ಲಿದೆ. ಆದರೆ ತನ್ನ ಮನೆಯ ಕೋಣೆಯಲ್ಲಿ ಒಂಟಿಯಾಗಿ ಕುಳಿತವನಿಗೆ, ಸ್ವಜಾತಿಯವರ ನಡುವೆಯೇ ಕುಳಿತವನಿಗೆ, ಆ ಹಿಂಜರಿಕೆ ಹುಟ್ಟುವುದೇ ಇಲ್ಲ. ಹುಟ್ಟದುದನ್ನು ನೋಡುವುದೆಂತು? ಆದಕಾರಣ ಬೆರೆತು ಕೂರುವುದು ಈ ಸಾಧನೆಗೆ ಅಲಂಕಾರವಲ್ಲ, ಸಾಧನವೇ ಆಗಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅವಮಾನಿತನಿಗೆ ‘ನೀನೂ ಸಮಚಿತ್ತದಿಂದಿರು’ ಎಂದು ಉಪದೇಶಿಸುವುದಕ್ಕೆ ಧ್ಯಾನವನ್ನು ಬಳಸಿದರೆ ಅದು ಹಳೆಯ ದಬ್ಬಾಳಿಕೆಯ ಹೊಸ ವೇಷವಾದೀತು. ತನ್ನ ಕೋಪವನ್ನು ಅರಿತವನು ಅದನ್ನು ನುಂಗಬೇಕಾಗಿಲ್ಲ. ಠಾಣೆಗೆ ದೂರು ಕೊಡುವ ಕೈ ನಡುಗದಂತೆ ಮಾಡುವುದೂ ಧ್ಯಾನದ ಫಲವೇ.

ಈ ವಿಷಯದಲ್ಲಿ ಬುದ್ಧನ ನಡೆಯೇ ನಮಗೆ ದಾರಿ. ಶಾಕ್ಯ ರಾಜಕುಮಾರರು ತಮ್ಮ ಕ್ಷೌರಿಕ ಉಪಾಲಿಯೊಡನೆ ಸಂಘವನ್ನು ಸೇರಲು ಬಂದಾಗ, ಉಪಾಲಿಗೇ ಮೊದಲು ದೀಕ್ಷೆ ಕೊಡಬೇಕೆಂದು ಬೇಡಿದರಂತೆ. ಹಿರಿಯ ಭಿಕ್ಷುವಿಗೆ ಕಿರಿಯನು ತಲೆಬಾಗಬೇಕೆಂಬುದು ಸಂಘದ ನಿಯಮ. ತಮ್ಮ ಕುಲದ ಹೆಮ್ಮೆ ಹಾಗೆ ಮುರಿಯಲೆಂಬುದು ಅವರ ಆಶಯ. ಮುಂದೆ ರಾಜಗೃಹದ ಸಭೆಯಲ್ಲಿ ವಿನಯವನ್ನು ಪಠಿಸಿದವನು ಆ ಉಪಾಲಿಯೇ. ಕ್ಷೌರದ ಕತ್ತಿಯ ನೆಪದಲ್ಲಿ ಇಂದಿಗೂ ಜಗಳವಾಗುವ ತಾಲ್ಲೂಕಿನವರಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ಕಲ್ಯಾಣಮಿತ್ರರ ಸಂಗ ಸಾಧನೆಯ ಅರ್ಧವೆಂದು ಆನಂದ ನುಡಿದಾಗ, ಅರ್ಧವಲ್ಲ, ಇಡಿಯೇ ಅದೆಂದು ಬುದ್ಧ ತಿದ್ದಿದ.

ಹಾಗಾದರೆ ಕೂರುವುದೆಲ್ಲಿ? ಕೇರಿಯ ಅಂಬೇಡ್ಕರ್ ಭವನದಲ್ಲಿ ಎಂಬುದು ನನ್ನ ಉತ್ತರ. ಮೇಲಿನ ಬೀದಿಯವರು ಕೇರಿಯವರನ್ನು ತಮ್ಮ ಜಗಲಿಗೆ ಕರೆಯುವುದು ಔದಾರ್ಯವಾದೀತು. ತಾವೇ ಕೇರಿಗೆ ನಡೆದುಹೋಗುವುದು ಸಾಧನೆ. ಒಂದು ಗಂಟೆಯ ಮೌನ, ಅನಂತರ ಒಂದೇ ಪಾತ್ರೆಯ ಚಹಾ, ಊರಿನಲ್ಲಿ ಆ ವಾರ ನಡೆದುದನ್ನು ಕುರಿತು ನಿರ್ಭಯವಾದ ಮಾತು, ಇಷ್ಟು ಸಾಕು. ನರಸೀಪುರದ ಸಂಗಮದಲ್ಲಿ ೧೯೮೯ರಿಂದ ಕುಂಭಮೇಳ ನಡೆಯುತ್ತಿದೆ. ೨೦೨೫ರಲ್ಲಿಯೂ ಸಹಸ್ರಾರು ಮಂದಿ ಒಂದೇ ನೀರಿನಲ್ಲಿ ಮಿಂದರು. ನದಿ ಯಾರ ಕುಲವನ್ನೂ ಕೇಳಲಿಲ್ಲ. ಮಿಂದು ಮನೆಗೆ ಹೋದವರು ಮರುದಿನ ಕೇಳಿದರೇ ಇಲ್ಲವೇ ಎಂಬುದು ಮೇಳದಲ್ಲಿ ಗೊತ್ತಾಗುವ ಸಂಗತಿಯಲ್ಲ. ವಾರವಾರವೂ ಅದೇ ಹತ್ತು ಮಂದಿ ಕೂಡುವಲ್ಲಿ ಮಾತ್ರ ಅದು ಗೊತ್ತಾದೀತು. ಗಣತಿದಾರ ಬರೆದುಕೊಳ್ಳುವ ಸಂಖ್ಯೆ ದೊಡ್ಡದಾಗಲಿ, ಸಂತೋಷ. ನಾನು ಕಾದು ನೋಡುವುದು ಈ ಸಣ್ಣ ಸಂಖ್ಯೆಯನ್ನು.